ಮಲೆನಾಡಿನಲ್ಲಿ ಸಪಾಟು ನೆಲ ಹುಡುಕುತ್ತಾ

ಶುಕ್ರವಾರ

ಕುಣಿಗಲ್ ಬರುತ್ತಿದ್ದಂತೆ ಭಾವ, "ಬೈಪಾಸ್ ಬೇಡ ಕಣಯ್ಯ, ಊರೊಳಗೆ ತಿರುಗಿಸು" ಎಂದರು. ಅಲ್ಲಿನ ಕುದುರೆ ಫಾರಂ ಕಡೆ ಒಂದು ಸಲ ಕಣ್ಣು ಹಾಯಿಸದೆ ಅವರು ಈ ದಾರಿಯಲ್ಲಿ ಮುಂದೆ ಹೋಗುವುದಿಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿ ದಂಡಿನ ಕುದುರೆಗಳನ್ನು ಸಾಕುತ್ತಿದ್ದ ಜಾಗ ಅದು. ಆಮೇಲೆ ರೇಸ್ ಕುದುರೆಗಳ ತಳಿಗೆ ಹೆಸರಾಯಿತು. ರಸ್ತೆ ಬದಿ ಕಾರು ನಿಲ್ಲಿಸಿದೆವು. ಬೇಲಿಯ ಆಚೆ, ತುಂಬಾ ದೂರದಲ್ಲಿ, ತಾಯಿ ಕುದುರೆಯೊಂದು ಮರಿಯ ಜೊತೆ ಮೇಯುತ್ತಿತ್ತು. ಭಾವ ಮರಿಯ ನಡಿಗೆಯನ್ನೇ ಸ್ವಲ್ಪ ಹೊತ್ತು ನೋಡಿದರು. "ಕಾಲು ಚೆನ್ನಾಗಿದೆ" ಎಂದು ಬಂದು ಕೂತರು.

ಅವರು ಸೇನೆಯಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುವ ರಿಮೌಂಟ್ ಮತ್ತು ವೆಟರ್ನರಿ ದಳದಲ್ಲಿದ್ದವರು. ಮೀರತ್‌ನಲ್ಲಿ ಕೆಲಸ ಕಲಿತರು. ಜಾಸ್ತಿ ಕಾಲ ಕಳೆದದ್ದು ಜೈಪುರದಲ್ಲಿ, ಪೊಲೊ ಆಡುವ ಕುದುರೆಗಳ ಜೊತೆ. ಪೊಲೊ ಅಂದರೆ ಕುದುರೆ ಮೇಲೆ ಕೂತು ಉದ್ದ ಕೋಲಿನಿಂದ ಚೆಂಡು ಹೊಡೆಯುವ ಆಟ. ಕಣ್ಣು ತೋರಿಸಲು ಬೆಂಗಳೂರಿಗೆ ಬಂದಿದ್ದ ಅವರನ್ನು ಹಾಸನಕ್ಕೆ ಬಿಟ್ಟು, ಅಲ್ಲಿಂದ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಸುತ್ತಿ ಬರಬೇಕು ಅಂತ ನಾನು ಹೊರಟಿದ್ದೆ. ಊರೂರಿನ ಆಟದ ಮೈದಾನ ನೋಡಬೇಕಿತ್ತು. ಅಲ್ಲಿಗೆ ಯಾರು ಬರುತ್ತಾರೆ, ಯಾವ ಹೊತ್ತಿಗೆ ಬರುತ್ತಾರೆ, ಯಾರಿಗೆ ಗೇಟು ತೆರೆದಿರುತ್ತದೆ ಅನ್ನುವುದು ನನಗೆ ಬೇಕಾಗಿತ್ತು. "ಹಾಗಾದ್ರೆ ನಾನೂ ಬರ್ತೀನಿ, ಮನೇಲಿ ಕೂತು ಏನು ಮಾಡಲಿ" ಎಂದರು ಭಾವ.

ಚನ್ನರಾಯಪಟ್ಟಣದವರೆಗೂ ಪೊಲೊ ಮಾತೇ. ಈ ಆಟ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ರಾಜರು, ದೊಡ್ಡ ಹ್ಯಾಟಿನ ಹೆಂಗಸರು, ಟೀ ಕಪ್ಪು. ಆದರೆ ಈಗಿನ ಪೊಲೊ ಹುಟ್ಟಿದ್ದು ಮಣಿಪುರದಲ್ಲಿ. ಅಲ್ಲಿ ಅದನ್ನು ಸಗೋಲ್ ಕಾಂಗ್‌ಜೈ ಅನ್ನುತ್ತಾರೆ. ಒಂದು ಕಡೆಗೆ 7 ಜನ. ಬಿದಿರಿನ ಬೇರಿನಿಂದ ಮಾಡಿದ ಚೆಂಡು. ಗೋಲು ಕಂಬಗಳೇ ಇಲ್ಲ. ಎದುರಾಳಿಯ ಗೆರೆ ದಾಟಿಸಿದರೆ ಗೋಲು. ಇಂಫಾಲದ ನಟ್ಟನಡುವೆ ಮಾಪಾಲ್ ಕಾಂಗ್‌ಜೈಬುಂಗ್ ಎಂಬ ಬಹಳ ಹಳೆಯ ಮೈದಾನವಿದೆ. ಈಗಲೂ ಅಲ್ಲಿ ಆಟ ನಡೆಯುತ್ತದೆ. ಪಕ್ಕದ ಅಸ್ಸಾಮಿನ ಕಾಛಾರ್‌ನಲ್ಲಿದ್ದ ಬ್ರಿಟಿಷ್ ಅಧಿಕಾರಿಗಳು ಮತ್ತು ಚಹಾ ತೋಟದವರು ಇದನ್ನು ನೋಡಿ ಮರುಳಾದರು. 1859ರಲ್ಲಿ ಸಿಲ್ಚಾರ್‌ನಲ್ಲಿ ಕ್ಲಬ್ ಕಟ್ಟಿದರು. 1862ರಲ್ಲಿ ಕಲ್ಕತ್ತಾದಲ್ಲಿ ಇನ್ನೊಂದು. ಅಲ್ಲಿಂದ ಆಟ ಇಂಗ್ಲೆಂಡಿಗೆ ಹೋಯಿತು. ತಂಡ 4 ಜನಕ್ಕೆ ಇಳಿಯಿತು, ಕಂಬ ಬಂತು, ನಿಯಮ ಬಂತು. ಊರ ನಡುವಿನ ಆಟ ಕ್ಲಬ್ಬಿನ ಒಳಗೆ ಸೇರಿಕೊಂಡಿತು.

"ನಮ್ಮ ಮೈಸೂರು ಲ್ಯಾನ್ಸರ್ಸ್ ಇತ್ತಲ್ಲ" ಎಂದು ಭಾವ ಇನ್ನೊಂದು ಎಳೆ ಹಿಡಿದರು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲಿನ ಹೈಫಾ ನಗರವನ್ನು ಗೆದ್ದ ಕುದುರೆ ಪಡೆಗಳಲ್ಲಿ ಅದೂ ಒಂದು. ಸ್ವಾತಂತ್ರ್ಯ ಬಂದ ಮೇಲೆ, 1953ರಲ್ಲಿ, ಬೇರೆ ಬೇರೆ ಸಂಸ್ಥಾನಗಳ ಕುದುರೆ ಪಡೆಗಳನ್ನು ಸೇರಿಸಿ 61ನೇ ಕ್ಯಾವಲ್ರಿ ಮಾಡಿದರು. ಮೈಸೂರಿನವರೂ ಅದರಲ್ಲಿ ಸೇರಿದರು. ಜೈಪುರದ ಅದೇ ಲಾಯಗಳ ಸುತ್ತ ಭಾವ ಓಡಾಡಿದ್ದು. ಈ ಮಾತು ಹೇಳುವಾಗ ಅವರ ಬೆನ್ನು ತಾನಾಗಿ ನೇರವಾಗುತ್ತದೆ.

ಪೊಲೊ ಮೈದಾನದ ಅಳತೆ ಕೇಳಿದೆ. 300 ಗಜ ಉದ್ದ, 200 ಗಜ ಅಗಲ. ಮನಸ್ಸಿನಲ್ಲೇ ಗುಣಿಸಿದೆ. ಹನ್ನೆರಡು ಎಕರೆ ದಾಟುತ್ತದೆ. ಹನ್ನೆರಡು ಎಕರೆ, ಅದೂ ಹುಲ್ಲು ಹಾಸಿದ ಸಪಾಟು ನೆಲ! ನಾವು ಹೊರಟಿರುವ ಕಡೆ ಎರಡು ಎಕರೆ ಸಪಾಟಾಗಿ ಸಿಗುವುದೇ ಕಷ್ಟ. ಸಕಲೇಶಪುರ, ಮೂಡಿಗೆರೆಯ ಗುಡ್ಡಗಳಲ್ಲಿ ಸಪಾಟು ಎಲ್ಲಿದೆಯೋ ಅಲ್ಲಿ ಗದ್ದೆ ಇರುತ್ತದೆ, ಇಲ್ಲವೇ ಕಾಫಿ ಒಣಗಿಸುವ ಕಣ ಇರುತ್ತದೆ, ಇಲ್ಲವೇ ಬಸ್ ಸ್ಟ್ಯಾಂಡ್. ಮಕ್ಕಳ ಆಟಕ್ಕೆ ಉಳಿಯುವುದು ಎಷ್ಟು? ಮುಂದಿನ ಊರುಗಳಲ್ಲೆಲ್ಲಾ ಈ ಪ್ರಶ್ನೆ ನನ್ನ ಜೊತೆಯೇ ಬಂತು.

ಹಾಸನ ತಲುಪಿದಾಗ ಸಂಜೆ. ಸಣ್ಣಗೆ ಮಳೆ. ಜಿಲ್ಲಾ ಕ್ರೀಡಾಂಗಣದಲ್ಲಿ ಆಗಸ್ಟ್ 15ರ ಪರೇಡ್ ತಾಲೀಮು ನಡೆದಿತ್ತು. ಪೊಲೀಸರು, ಗೃಹರಕ್ಷಕರು, ಎನ್‌ಸಿಸಿ ಮಕ್ಕಳು, ಒಂದು ಶಾಲೆಯ ಬ್ಯಾಂಡ್ ಸೆಟ್. ಡ್ರಮ್ ಬಾರಿಸುವ ಹುಡುಗಿ ಒದ್ದೆಯಾದ ಕೂದಲನ್ನು ಭುಜದಿಂದಲೇ ಒರೆಸಿಕೊಳ್ಳುತ್ತಾ ಒಂದು ಏಟೂ ತಪ್ಪಿಸಲಿಲ್ಲ. ಗ್ಯಾಲರಿಯಲ್ಲಿ ಅಪ್ಪ ಅಮ್ಮಂದಿರು ಛತ್ರಿ ಹಿಡಿದು ಕಾಯುತ್ತಿದ್ದರು.

ಶನಿವಾರ

ಬೆಳಗ್ಗೆ ಆರಕ್ಕೆ ಅಕ್ಕನ ಜೊತೆ ಮತ್ತೆ ಕ್ರೀಡಾಂಗಣಕ್ಕೆ. ಡಾಕ್ಟರ್ ನಡೆಯಲು ಹೇಳಿದ ಮೇಲೆ ಅಕ್ಕ ಒಂದು ದಿನವೂ ತಪ್ಪಿಸುವುದಿಲ್ಲ. ಹಾಸನ ಅಂದರೆ ಹೊರಗಿನವರಿಗೆ ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಹಾಸನಾಂಬೆಯ ಗುಡಿ ನೆನಪಾಗುತ್ತದೆ. ಊರಿನವರಿಗೆ ದಿನಾ ಬಾಗಿಲು ತೆರೆಯುವ ಜಾಗ ಇದು.

ಒಳಗೆ ಹೋದರೆ ಎಷ್ಟು ಬಗೆಯ ಜನ! ಸ್ವೆಟರ್ ಹಾಕಿದ ನಿವೃತ್ತ ಮೇಷ್ಟ್ರುಗಳು. ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ ತೊಟ್ಟ ಹೆಂಗಸರು. ಒಂದು ಮೂಲೆಯಲ್ಲಿ ನಗುತ್ತಾ ಯೋಗ ಮಾಡುವವರು. ಇವರೆಲ್ಲರ ನಡುವೆ ಉಸಿರು ಬಿಗಿಹಿಡಿದು ಓಡುವವರು ಬೇರೆಯೇ. ಅವರು ಪೊಲೀಸ್ ಕೆಲಸಕ್ಕೆ ತಯಾರಾಗುತ್ತಿರುವ ಹುಡುಗ ಹುಡುಗಿಯರು. ಕಾನ್‌ಸ್ಟೇಬಲ್ ಆಗಬೇಕಾದರೆ ಹುಡುಗರು 1,600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು. ಅಂದರೆ 400 ಮೀಟರ್ ಟ್ರ್ಯಾಕಿನಲ್ಲಿ 4 ಸುತ್ತು, ಒಂದೊಂದು ಸುತ್ತಿಗೆ 97 ಸೆಕೆಂಡಿನ ಮೇಲೆ ಅರ್ಧ. ಹುಡುಗಿಯರಿಗೆ 400 ಮೀಟರ್, 2 ನಿಮಿಷ. ಜೊತೆಗೆ ಜಿಗಿತ, ಗುಂಡು ಎಸೆತ.

ಆಲೂರು ಕಡೆಯ ಒಬ್ಬ ಹುಡುಗ ಸಿಕ್ಕಿದ. ಊರಲ್ಲಿ ರಸ್ತೆ ಮೇಲೆ ಓಡುತ್ತಿದ್ದನಂತೆ. "ಸಾರ್, ರೋಡಲ್ಲಿ ಎಷ್ಟು ಓಡಿದೆ ಅಂತ ಗೊತ್ತಾಗಲ್ಲ. ಏರು ಇರುತ್ತೆ, ಇಳಿಜಾರು ಇರುತ್ತೆ. ಇಲ್ಲಿ ಬಂದ್ರೆ ನಾನೆಷ್ಟು ಹಿಂದೆ ಇದೀನಿ ಅಂತ ಸರಿಯಾಗಿ ಗೊತ್ತಾಗುತ್ತೆ" ಎಂದ. ಗೆಳೆಯನ ರೂಮಿನಲ್ಲಿ ಉಳಿದು, ಬೆಳಗ್ಗೆ ಇಲ್ಲಿ ಓಡಿ, ಆಮೇಲೆ ಕೊರಿಯರ್ ಹಂಚುವ ಕೆಲಸಕ್ಕೆ ಹೋಗುತ್ತಾನೆ. ಅವನ ಬದುಕು ಆ ಬಿಳಿ ಗೆರೆಗಳ ಒಳಗೆ ತಿರುಗುತ್ತಿದೆ. ಕ್ರೀಡಾಂಗಣಗಳ ಬಗ್ಗೆ ಮಾತಾಡುವಾಗ ನಾವು ಪದಕ ಎಷ್ಟು ಬಂತು ಅಂತ ಕೇಳುತ್ತೇವೆ. ಎಷ್ಟು ಮನೆಗಳಿಗೆ ಸಂಬಳ ಬಂತು ಅಂತಲೂ ಕೇಳಬೇಕು ಅಲ್ವಾ?

ಅಕ್ಕನ ಗುಂಪಿನ ಹೆಂಗಸರು ಬೇರೆ ಮಾತು ಹೇಳಿದರು. ಚಳಿಗಾಲದಲ್ಲಿ ಬೆಳಕು ಬರುವ ಮೊದಲು ಬರಲು ಧೈರ್ಯ ಸಾಲುವುದಿಲ್ಲ. ದೀಪ ಎಲ್ಲಾ ಕಡೆ ಬೇಕು. ಹುಡುಗಿಯರು ಬಟ್ಟೆ ಬದಲಿಸಲು ಸರಿಯಾದ ಕೋಣೆ, ನೀರಿರುವ ಶೌಚಾಲಯ ಇರಬೇಕು. ಇದು ಒಂದು ಊರಿನ ದೂರು ಅಂತ ನನಗೆ ಅನ್ನಿಸಲಿಲ್ಲ. ನಾನು ನೋಡಿದ ಮೈದಾನಗಳಲ್ಲೆಲ್ಲಾ ಹೆಂಗಸರು ಮೊದಲು ಹೇಳುವ ಮಾತು ಇದೇ. ಕೋಟಿಗಟ್ಟಲೆ ಹಾಕಿ ಗ್ಯಾಲರಿ ಕಟ್ಟುವ ಮೊದಲು ಈ ಎರಡು ಕೆಲಸ ಮುಗಿಸಬೇಕು. ಶೌಚಾಲಯ ಇಲ್ಲದ ಕಡೆ ಹದಿಮೂರು ಹದಿನಾಲ್ಕರ ಹುಡುಗಿಯರು ಆಟ ಬಿಟ್ಟುಬಿಡುತ್ತಾರೆ. ಅವರು ಬಿಟ್ಟಿದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ವಯಸ್ಸಾದವರೊಬ್ಬರು ನಡೆಯುತ್ತಾ ಟ್ರ್ಯಾಕಿನ ಮೇಲಿದ್ದ ಕಲ್ಲು ಹೆಕ್ಕಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಭಾವ ಅವರನ್ನೇ ನೋಡುತ್ತಾ ಪೊಲೊದ ಒಂದು ಪದ್ಧತಿ ಹೇಳಿದರು. ಕುದುರೆಗಳ ಗೊರಸಿಗೆ ಸಿಕ್ಕಿ ಮೈದಾನದ ಹುಲ್ಲಿನ ಹೆಂಟೆ ಕಿತ್ತು ಬರುತ್ತದೆ. ಅರ್ಧ ಆಟ ಮುಗಿದಾಗ ನೋಡಲು ಬಂದವರೆಲ್ಲಾ ಒಳಗಿಳಿದು, ಆ ಹೆಂಟೆಗಳನ್ನು ಮತ್ತೆ ಗುಂಡಿಗೆ ಕೂರಿಸಿ ಕಾಲಲ್ಲಿ ಒತ್ತುತ್ತಾರೆ. "ಜನರಲ್ ಸಾಹೇಬ್ರೂ ತುಳೀತಾರೆ, ಅವರ ಮನೆ ಮಕ್ಕಳೂ ತುಳೀತಾರೆ. ಇಲ್ದಿದ್ರೆ ಮುಂದಿನ ಆಟದಲ್ಲಿ ಕುದುರೆ ಕಾಲು ಮುರ್ಕೊಳ್ಳುತ್ತೆ." ಪೊಲೊದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು. ಆ ಹಿರಿಯರಿಗೆ ಕಲ್ಲು ಹೆಕ್ಕಲು ಯಾರೂ ಹೇಳಿರಲಿಲ್ಲ.

ಮಧ್ಯಾಹ್ನ ಹಳೇಬೀಡು. ಹೊಯ್ಸಳೇಶ್ವರನ ಗುಡಿಯ ಗೋಡೆಯ ಪಟ್ಟಿಗಳಲ್ಲಿ ಎಲ್ಲಕ್ಕಿಂತ ಕೆಳಗೆ ಆನೆ, ಮೇಲೆ ಸಿಂಹ, ಬಳ್ಳಿ, ಅದರ ಮೇಲೆ ಕುದುರೆ ಸವಾರರ ಸಾಲು. ಎಲ್ಲರೂ ಶಿಲಾಬಾಲಿಕೆ ಹುಡುಕುತ್ತಿದ್ದರೆ ಭಾವ ಬಗ್ಗಿಕೊಂಡು ಕುದುರೆ ಸಾಲಿನ ಉದ್ದಕ್ಕೂ ನಡೆದರು. ಲಗಾಮು ಎಲ್ಲಿ ಬರುತ್ತದೆ, ಕತ್ತು ಎಷ್ಟು ಬಾಗಿದೆ, ಮುಂಗಾಲು ಯಾವಾಗ ಎತ್ತುತ್ತದೆ ಎಂದು ಬೆರಳು ತಾಗಿಸದೆ ತೋರಿಸಿದರು. "ಕೆತ್ತಿದವನು ಕುದುರೆ ಹತ್ರ ನಿಂತು ನೋಡಿದಾನೆ" ಎಂದರು. ಅದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಾಯಿಂದ ನಾನು ಕೇಳಿಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಜನ ಜಾಸ್ತಿ ಬರುತ್ತಿದ್ದಾರೆ.

ಹಳೇಬೀಡಿನಿಂದ ಜಾವಗಲ್ ಹತ್ತಿರವೇ. ಜಾವಗಲ್ ಶ್ರೀನಾಥ್ ಹುಟ್ಟಿದ್ದು ಮೈಸೂರಿನಲ್ಲಾದರೂ ಹೆಸರಿನ ಜೊತೆ ಈ ಊರನ್ನು ಹೊತ್ತುಕೊಂಡು ಟೆಸ್ಟ್‌ನಲ್ಲಿ 236, ಏಕದಿನದಲ್ಲಿ 315 ವಿಕೆಟ್ ಪಡೆದರು. 1996ರಲ್ಲಿ 2 ಟೆಸ್ಟ್ ಆಡಿದ ಡೇವಿಡ್ ಜಾನ್ಸನ್ ಹುಟ್ಟಿದ್ದು ಅರಸೀಕೆರೆಯಲ್ಲಿ. ಶ್ರೀನಾಥ್ ಗಾಯಗೊಂಡು ಹೊರಗಿದ್ದಾಗಲೇ ಅವರಿಗೆ ಅವಕಾಶ ಸಿಕ್ಕಿತು. ಒಂದೇ ತಾಲ್ಲೂಕಿನ ನಂಟಿನ ಇಬ್ಬರು ವೇಗದ ಬೌಲರ್‌ಗಳು! 2024ರಲ್ಲಿ ಜಾನ್ಸನ್ ತೀರಿಕೊಂಡ ಸುದ್ದಿ ಬಂದಾಗ ನನಗೆ ತುಂಬಾ ಸಂಕಟವಾಗಿತ್ತು.

ಬೇಲೂರಿನಲ್ಲಿ ಕಾಫಿ ಕುಡಿದು ರಾತ್ರಿಗೆ ಚಿಕ್ಕಮಗಳೂರು.

ಭಾನುವಾರ

ಚಿಕ್ಕಮಗಳೂರಿನ ಸುಭಾಷ್ ಚಂದ್ರ ಬೋಸ್ ಆಟದ ಮೈದಾನಕ್ಕೆ ಬೆಳಗ್ಗೆಯೇ ಹೋದೆವು. ಇಲ್ಲೂ ಆಗಸ್ಟ್ 15ರ ತಯಾರಿ. ಒಂದು ಬದಿಯಲ್ಲಿ ಹುಡುಗರು ಟೆನಿಸ್ ಬಾಲ್ ಕ್ರಿಕೆಟ್ ಆಡುತ್ತಿದ್ದರು. ಚೆಂಡು ನೀರು ಕುಡಿದು ಪುಟಿಯುತ್ತಲೇ ಇರಲಿಲ್ಲ. ಮೋಡದ ಒಳಗೆ ಎಲ್ಲೋ ಮುಳ್ಳಯ್ಯನಗಿರಿ.

ಕಡೂರಿನ ವೇದಾ ಕೃಷ್ಣಮೂರ್ತಿ ಬಗ್ಗೆ ಕೇಳಿದೆ. ವಿಕೆಟ್ ಕೀಪಿಂಗ್ ಮಾಡುತ್ತಿದ್ದ ಹುಡುಗನಿಗೆ ಎಲ್ಲಾ ಗೊತ್ತಿತ್ತು. 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ಮೇಲೆ 45 ಎಸೆತಕ್ಕೆ 70 ರನ್. ಆ ಪಂದ್ಯ ಗೆದ್ದೇ ಭಾರತ ಸೆಮಿಫೈನಲ್‌ಗೆ ಹೋಗಿದ್ದು. "ನಮ್ಮ ಜಿಲ್ಲೆಯವರು ಸಾರ್" ಎಂದ. ಆದರೆ ಆಟ ಕಲಿಯಲು ಅವರು ಬೆಂಗಳೂರಿಗೆ ಹೋಗಬೇಕಾಯಿತು. ಅವರಿಗೆ ಮನೆಯವರ ಬೆಂಬಲವಿತ್ತು, ಹೋದರು. ಹೋಗಲಾಗದೆ ಉಳಿದ ಹುಡುಗಿಯರು ಎಷ್ಟು ಜನವೋ. ಜಿಲ್ಲೆಯ ಮೈದಾನಗಳಲ್ಲಿ ಹುಡುಗಿಯರಿಗೆಂದೇ ಸಮಯ, ಕೋಚ್, ನೆಟ್ ಇದ್ದರೆ ಹನ್ನೆರಡು ಹದಿಮೂರರ ಮಗು ಮನೆ ಬಿಡಬೇಕಾಗಿಲ್ಲ.

ಈ ಕಡೆಯ ಆಟದ ಕಥೆಯಲ್ಲಿ ಪ್ಲಾಂಟರ್ ಕ್ಲಬ್‌ಗಳನ್ನು ಬಿಡುವ ಹಾಗಿಲ್ಲ. ಬ್ರಿಟಿಷ್ ಕಾಫಿ ಬೆಳೆಗಾರರು ಕಟ್ಟಿಕೊಂಡವು. ಟೆನಿಸ್ ಅಂಗಳ, ಬಿಲಿಯರ್ಡ್ಸ್ ಮೇಜು, ಒಲೆ ಇರುವ ಹಾಲ್. ಸದಸ್ಯರಿಗೆ ಮಾತ್ರ ಪ್ರವೇಶ. ಶೂ ಇಲ್ಲದೆ ಒಳಗೆ ಬಿಡುವುದಿಲ್ಲ. ಮೂಡಿಗೆರೆ ಹತ್ತಿರದ ಒಬ್ಬ ಗೆಳೆಯರ ತೋಟದಲ್ಲಿ ಊಟಕ್ಕೆ ಕೂತಾಗ ಅವರ ಚಿಕ್ಕಪ್ಪ ಇದರ ಇನ್ನೊಂದು ಬದಿ ಹೇಳಿದರು. ಹಿಂದೆ ಮಳೆಗಾಲದಲ್ಲಿ ತೋಟದವರು ವಾರಗಟ್ಟಲೆ ಇನ್ನೊಂದು ಮುಖ ನೋಡುತ್ತಿರಲಿಲ್ಲ. ಶನಿವಾರದ ಕ್ಲಬ್ಬೇ ಅವರಿಗೆ ಊರು. ಸುದ್ದಿ, ಸಂಬಂಧ, ಸಾಲ, ಕಾಫಿ ರೇಟು ಎಲ್ಲಾ ಅಲ್ಲೇ. ಅವರ ಮಾತು ನಿಜ. ಆದರೆ ಅದೇ ಮಳೆಯಲ್ಲಿ ಅದೇ ತೋಟದ ಕೂಲಿಯವರ ಸಾಲು ಮನೆಗಳಲ್ಲಿ, ಅಂದರೆ ಲೈನ್ ಮನೆಗಳಲ್ಲಿ ಇದ್ದವರಿಗೆ ಕ್ಲಬ್ ಇರಲಿಲ್ಲ. ಈಗ ಪ್ಲಾಂಟರ್ ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಟೆನಿಸ್ ಆಡುವವರು ಕಮ್ಮಿಯಾಗಿದ್ದಾರೆ ಅಂತ ಚಿಕ್ಕಪ್ಪನವರೇ ಹೇಳಿದರು. ಹಾಗಿದ್ದರೆ ಶನಿವಾರ ಬೆಳಗ್ಗೆ ಹತ್ತಿರದ ಸರ್ಕಾರಿ ಶಾಲೆಯ ಮಕ್ಕಳನ್ನು ಆ ಅಂಗಳಕ್ಕೆ ಬಿಡಬಹುದಲ್ಲ ಎಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಕೇಳಬೇಕು, ಯಾರೂ ಕೇಳಿಲ್ಲ" ಎಂದರು.

ಊಟ ಮುಗಿಸಿ ಪಕ್ಕದ ಊರಿನ ಕೆಸರು ಗದ್ದೆ ಆಟಕ್ಕೆ ಹೊರಟೆವು. ಈ ಪ್ರವಾಸದಲ್ಲಿ ನನ್ನ ಮನಸ್ಸು ತುಂಬಿದ್ದು ಅಲ್ಲಿ.

ನಾಟಿಗೆ ಉತ್ತು ನೀರು ನಿಲ್ಲಿಸಿದ ಗದ್ದೆ. ಬದುವಿನ ಮೇಲೆ ಮೈಕ್, ಪ್ಲಾಸ್ಟಿಕ್ ಕುರ್ಚಿ, ಕೊಡೆ. ಮೊಣಕಾಲುದ್ದ ಕೆಸರಿನಲ್ಲಿ ಓಟ. ಅಡಿಕೆ ಹಾಳೆಯ ಮೇಲೆ ಒಬ್ಬರನ್ನು ಕೂರಿಸಿ ಇನ್ನೊಬ್ಬರು ಎಳೆಯುವ ಓಟ. ಬಿದ್ದವರು ಎದ್ದಾಗ ಯಾರು ಯಾರೆಂದು ಗೊತ್ತಾಗುವುದಿಲ್ಲ. ತೋಟದ ಯಜಮಾನರ ಮಗ, ಲೈನ್ ಮನೆಯ ಹುಡುಗ, ಬ್ಯಾಂಕಿನ ಕ್ಯಾಷಿಯರ್, ಎಲ್ಲರೂ ಒಂದೇ ಬಣ್ಣ. ವಾಲಿಬಾಲ್ ಶುರುವಾದಾಗ ಮಳೆ ಜೋರಾಯಿತು. ಯಾರೂ ನಿಲ್ಲಿಸಲಿಲ್ಲ. ಮಲೆನಾಡಿನಲ್ಲಿ ವಾಲಿಬಾಲ್ ಯಾಕೆ ಇಷ್ಟು ಬೇರುಬಿಟ್ಟಿದೆ ಅಂತ ಅಲ್ಲಿ ನಿಂತಾಗ ನನಗೆ ಅನ್ನಿಸಿತು. 18 ಮೀಟರ್ ಉದ್ದ, 9 ಮೀಟರ್ ಅಗಲ ಇದ್ದರೆ ಸಾಕು. ಅಷ್ಟು ಸಪಾಟು ನೆಲವನ್ನು ಗುದ್ದಲಿ ಹಿಡಿದು ಒಂದು ಭಾನುವಾರದಲ್ಲಿ ಮಾಡಿಕೊಳ್ಳಬಹುದು.

ಹೆಂಗಸರ ಹಗ್ಗಜಗ್ಗಾಟಕ್ಕೆ ಎರಡು ಸ್ತ್ರೀಶಕ್ತಿ ಸಂಘಗಳು ಇಳಿದವು. ಹಿಮ್ಮಡಿ ಊರಲು ಗಟ್ಟಿ ನೆಲವಿಲ್ಲ. ಎರಡೂ ಕಡೆಯವರು ಜಾರುತ್ತಾ ಜಾರುತ್ತಾ ಹಗ್ಗ ಬಿಡಲಿಲ್ಲ. ಹಿಂದಿನ ತುದಿಯಲ್ಲಿದ್ದ ಅಜ್ಜಿಯೊಬ್ಬರು ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಕೆಸರಲ್ಲಿ ಕೂತೇಬಿಟ್ಟರು. ಆ ತಂಡವೇ ಗೆದ್ದಿತು. ಬಹುಮಾನ ಸ್ಟೀಲ್ ಕೊಳಗ.

ಗದ್ದೆ ಕೊಟ್ಟ ರೈತರನ್ನು ಮಾತಾಡಿಸಿದೆ. ನಷ್ಟ ಆಗುವುದಿಲ್ಲವೇ ಅಂತ ಕೇಳಿದ್ದಕ್ಕೆ, "ಇಷ್ಟು ಜನ ತುಳಿದ ಮೇಲೆ ಮಣ್ಣು ಬೆಣ್ಣೆ ಆಗುತ್ತೆ. ನಾಳೆ ಬೆಳಗ್ಗೆ ಇಲ್ಲೇ ನಾಟಿ. ಇವತ್ತು ಗೆದ್ದವರೂ ಸೋತವರೂ ನಾಳೆ ಬರಬೇಕು ಅಂತ ಮೊದಲೇ ಮಾತಾಗಿದೆ" ಎಂದರು. ಭಾವ ನನ್ನ ತೋಳು ಹಿಡಿದು ಅಲುಗಾಡಿಸಿದರು. ಪೊಲೊದ ಹೆಂಟೆ ತುಳಿಯುವ ಮಾತು ಇಬ್ಬರಿಗೂ ಒಟ್ಟಿಗೇ ನೆನಪಾಗಿತ್ತು.

ಸೋಮವಾರ

ಮೂಡಿಗೆರೆ ಬಿಟ್ಟು ಸಕಲೇಶಪುರ ದಾರಿ ಹಿಡಿದೆವು. ಮಂಜರಾಬಾದ್ ಕೋಟೆಗೆ ಹೋಗುವ ಆಸೆ ಇತ್ತು. ಮಂಜು ಬಿಡಲಿಲ್ಲ. ದಾರಿಯಲ್ಲಿ ಸರ್ಕಾರಿ ಪ್ರೌಢಶಾಲೆಯೊಂದರ ಮುಂದೆ ಬ್ಯಾನರ್ ಕಂಡಿತು, ಹೋಬಳಿ ಮಟ್ಟದ ಕ್ರೀಡಾಕೂಟ. ಭಾವ ಕೇಳುವ ಮೊದಲೇ ಕಾರು ತಿರುಗಿಸಿದೆ.

ಮೈದಾನ ಅಂದರೆ ಗುಡ್ಡ ಕಡಿದು ಮಾಡಿದ ಒಂದು ಮೆಟ್ಟಿಲು. ಒಂದು ಕಡೆ ಧರೆ, ಇನ್ನೊಂದು ಕಡೆ ಇಳಿಜಾರು. ಚೆಂಡು ಆ ಕಡೆ ಹೋದರೆ ತೋಟದೊಳಗೆ ಇಳಿಯಬೇಕು. ಪಿಟಿ ಮೇಷ್ಟ್ರು ಸುಣ್ಣದ ಪುಡಿಯಲ್ಲಿ ಎಳೆದಿದ್ದ ಟ್ರ್ಯಾಕ್ ಒಂದು ಸುತ್ತಿಗೆ 200 ಮೀಟರ್. ಮಳೆಗೆ ಅದು ಎರಡು ಸಲ ಅಳಿಸಿಹೋಗಿತ್ತು. ಎರಡು ಸಲ ಮತ್ತೆ ಎಳೆದಿದ್ದರು. ಒಂದು ತುದಿ ಎತ್ತರ, ಒಂದು ತುದಿ ತಗ್ಗು. ಹಾಗಾಗಿ 100 ಮೀಟರ್ ಓಟವನ್ನು ಎಲ್ಲಾ ಗುಂಪಿಗೂ ಒಂದೇ ದಿಕ್ಕಿನಿಂದ ಓಡಿಸುತ್ತಿದ್ದರು. ತಿರುವಿನಲ್ಲಿ ಜಾರದಿರಲಿ ಅಂತ ಮಕ್ಕಳೇ ಮರಳು ತಂದು ಹರಡಿದ್ದರು.

ಭಾವನ ಕೈಗೆ ಸ್ಟಾಪ್ ವಾಚ್ ಕೊಟ್ಟರು. ಅವರ ಮಿಲಿಟರಿ ಮೀಸೆ ನೋಡಿಯೇ ಕೊಟ್ಟಿರಬೇಕು. ಹುಡುಗಿಯರ 4x100 ರಿಲೇಯಲ್ಲಿ ಬರಿಗಾಲಿನ ಒಂದು ತಂಡ ಬ್ಯಾಟನ್ ಬೀಳಿಸಿ, ಮತ್ತೆ ಎತ್ತಿಕೊಂಡು ಎರಡನೆಯದಾಗಿ ಬಂತು. ಕೊನೆಯಲ್ಲಿ ಓಡಿದ ಹುಡುಗಿ 200 ಮತ್ತು 400 ಮೀಟರಿನಲ್ಲಿ ಮೊದಲು. ತೋಟದ ಲೈನ್‌ನಿಂದ ಬರುವ ಮಗು. ಒಂಬತ್ತನೇ ಕ್ಲಾಸ್.

ಮೇಷ್ಟ್ರಿಗೆ ಒಂದೇ ಚಿಂತೆ. ಹೋಬಳಿ ಆಯಿತು. ಮುಂದೆ ತಾಲ್ಲೂಕು, ಆಮೇಲೆ ಹಾಸನದಲ್ಲಿ ಜಿಲ್ಲಾ ಮಟ್ಟ. "ಅವಳು ತಾಲ್ಲೂಕು ಗೆದ್ದೇ ಗೆಲ್ತಾಳೆ ಸಾರ್. ಆದರೆ 400 ಮೀಟರ್ ಟ್ರ್ಯಾಕ್ ಕಣ್ಣಲ್ಲೂ ನೋಡಿಲ್ಲ. ಇಲ್ಲಿ 400 ಅಂದ್ರೆ ಎರಡು ಸುತ್ತು, ನಾಲ್ಕು ತಿರುವು. ಅಲ್ಲಿ ಒಂದೇ ಸುತ್ತು. ಎಲ್ಲಿ ಜೋರು ಹಾಕಬೇಕು ಅಂತಲೇ ಗೊತ್ತಾಗಲ್ಲ. ಹಿಂದಿನ ದಿನ ಕರ್ಕೊಂಡು ಹೋಗಿ ನಾಲ್ಕು ಸಲ ಓಡಿಸಿದ್ರೆ ಸಾಕು. ರಾತ್ರಿ ಹೆಣ್ಮಕ್ಕಳನ್ನ ಎಲ್ಲಿ ಉಳಿಸೋದು?"

"ನಮ್ಮ ಮನೆಗೆ ಕರ್ಕೊಂಡು ಬನ್ನಿ ಮೇಷ್ಟ್ರೇ" ಎಂದರು ಭಾವ. "ಸ್ಟೇಡಿಯಂಗೆ ನಡ್ಕೊಂಡು ಹೋಗಬಹುದು. ನನ್ನ ಹೆಂಡ್ತಿ ದಿನಾ ಬೆಳಗ್ಗೆ ಅಲ್ಲೇ ಇರ್ತಾಳೆ. ಒಂದು ದಿನ ಯಾಕೆ, ಎರಡು ದಿನ ಮೊದಲೇ ಬನ್ನಿ."

ಮೇಷ್ಟ್ರು ಜೇಬಿನಿಂದ ಡೈರಿ ತೆಗೆದರು. ಜೊತೆಗೆ ಒಬ್ಬ ಟೀಚರಮ್ಮ ಬರಬೇಕಾಗುತ್ತದೆ, ರಿಲೇ ತಂಡವೂ ಗೆದ್ದರೆ ಮಕ್ಕಳು ಜಾಸ್ತಿ ಆಗುತ್ತಾರೆ, ಪರವಾಗಿಲ್ಲವೇ ಎಂದು ಕೇಳಿದರು. ಭಾವ ಅಲ್ಲೇ ಅಕ್ಕನಿಗೆ ಫೋನ್ ಮಾಡಿದರು. ಆ ಕಡೆಯಿಂದ ಅಕ್ಕ ಕೇಳಿದ್ದು ಎರಡೇ ಪ್ರಶ್ನೆ. ಮಕ್ಕಳು ಮೊಟ್ಟೆ ತಿನ್ನುತ್ತಾರಾ, ಆ ಹುಡುಗಿಯ ಶೂ ಸೈಜ್ ಎಷ್ಟು?